ಮಾತ್ರೆಯ ಹೊದಿಕೆಯ ಮೇಲಿನ ಗುರುತು

ದಾವಣಗೆರೆಯಲ್ಲಿ ಕೊಂಡ ಮಾತ್ರೆಯ ಹೊದಿಕೆಯನ್ನೂ ಹರಿಹರದಲ್ಲಿ ಕೊಂಡುದನ್ನೂ ಹೋಲಿಸಿ ನೋಡಿರಿ. ಎರಡರ ಗುರುತುಗಳೂ ಒಂದೇ ಬಗೆಯವು. 1940ರ ಔಷಧ ಕಾಯಿದೆಯೂ 1945ರ ನಿಯಮಾವಳಿಯೂ ದೇಶಕ್ಕೆಲ್ಲ ಸಮಾನವಾಗಿರುವುದೇ ಇದಕ್ಕೆ ಕಾರಣ.

ಈ ನಿಯಮಾವಳಿಯು ಔಷಧಗಳನ್ನು ‘ಅನುಸೂಚಿ’ಗಳಾಗಿ ವಿಂಗಡಿಸಿದೆ. ಎಚ್ ಅನುಸೂಚಿಯ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಹೊದಿಕೆಯ ಮೇಲೆ ‘ಆರ್‌ಎಕ್ಸ್’ ಎಂಬ ಗುರುತಿರುತ್ತದೆ. ಎಕ್ಸ್ ಅನುಸೂಚಿಯದು ಇನ್ನೂ ಬಿಗಿ. ಅದಕ್ಕೆ ಚೀಟಿಯ ಎರಡು ಪ್ರತಿಗಳು ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು, ಔಷಧವನ್ನು ಬೀಗದೊಳಗಿಡಬೇಕು. ಅರಿವಳಿಕೆಯ ಕೆಟಮಿನ್ ಈ ವರ್ಗದ್ದು. ಅದರ ದುರುಪಯೋಗದ ಭಯವಿರುವುದರಿಂದ ಈ ಬಿಗಿ ಸಹಜವೇ.

ಆದರೆ ಚಟ ಹಿಡಿಸದ ಕ್ಷಯರೋಗದ ಔಷಧಕ್ಕೂ ವಿಶೇಷ ಕಾವಲೇಕೆ? 2013ರಲ್ಲಿ 46 ಔಷಧಗಳೊಡನೆ ಎಚ್1 ಅನುಸೂಚಿ ರಚಿತವಾಯಿತು. ನಿದ್ರೆಯ ಮಾತ್ರೆಗಳೊಡನೆ ರಿಫ್ಯಾಂಪಿಸಿನ್, ಐಸೋನಿಯಾಜಿಡ್‌ಗಳೂ ಅದರಲ್ಲಿ ಸೇರಿದವು. ಇವುಗಳ ‘ಆರ್‌ಎಕ್ಸ್’ ಗುರುತು ಕೆಂಪು. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪರಿಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು.

ಕಾರಣ ಹೀಗಿದೆ. ರೋಗಿಯು ಕೆಮ್ಮು ತಗ್ಗಿತೆಂದು ಔಷಧವನ್ನು ನಡುವೆ ಬಿಟ್ಟರೆ ದುರ್ಬಲ ರೋಗಾಣುಗಳು ಸತ್ತು, ಔಷಧವನ್ನು ತಾಳಿಕೊಂಡವು ಉಳಿದು ವೃದ್ಧಿಯಾಗುತ್ತವೆ. ಅವು ಕೆಮ್ಮಿನೊಡನೆ ಹೊರಬಿದ್ದು ಪಕ್ಕದವರ ಶ್ವಾಸಕೋಶವನ್ನು ಸೇರಬಲ್ಲವು. ಔಷಧವನ್ನೇ ಮುಟ್ಟದವರಿಗೂ ಆ ಔಷಧವು ಆಗ ನಿಷ್ಫಲ. ಕೆಂಪು ಗುರುತು ಕಾಯುವುದು ಕೊಂಡವರನ್ನು ಮಾತ್ರವಲ್ಲ, ನೆರೆಹೊರೆಯನ್ನೂ. ಆದುದರಿಂದ ಹಳೆಯ ಹೊದಿಕೆಯನ್ನು ತೋರಿಸಿ ಔಷಧ ಕೇಳಬೇಡಿರಿ. ವೈದ್ಯರು ಹೇಳಿದ ಅವಧಿಯನ್ನು ಪೂರೈಸಿರಿ.