ಮುಯ್ಯಿ ಇಲ್ಲದ ಹಬ್ಬ



ಆಗಮನ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಹಬ್ಬದ ಲೆಕ್ಕವೂ ಆರಂಭವಾಗುತ್ತದೆ. ಮಕ್ಕಳಿಗೆ ಹೊಸ ಬಟ್ಟೆ, ಗೋದಲಿಗೆ ಹುಲ್ಲು, ನಕ್ಷತ್ರಕ್ಕೆ ಬಣ್ಣದ ಕಾಗದ, ಕರ್ಚಿಕಾಯಿಗೆ ಕೊಬ್ಬರಿ, ಬೆಲ್ಲ. ಇದರ ಜೊತೆಗೆ ಇನ್ನೊಂದು ಪಟ್ಟಿ ತಾಯಂದಿರ ಮನಸ್ಸಿನಲ್ಲೇ ಇರುತ್ತದೆ: ಈ ಸಲ ಯಾರ ಯಾರ ಮನೆಗೆ ಹಬ್ಬದ ತಟ್ಟೆ ಕಳುಹಿಸಬೇಕು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಲ್ಲಿ ನಾವು ಕ್ರೈಸ್ತರು ಬೆರಳೆಣಿಕೆಯಷ್ಟು ಮನೆಯವರು. ಪಂಚಮಿಗೆ ನೆರೆಮನೆಯಿಂದ ಉಂಡಿ ಬಂದಿರುತ್ತದೆ. ಸಂಕ್ರಾಂತಿಗೆ ಕುಸುರೆಳ್ಳು, ರಂಜಾನ್ ಹಬ್ಬಕ್ಕೆ ಸುರಕುಂಬ ಬಂದಿರುತ್ತದೆ. ಕ್ರಿಸ್ತಜಯಂತಿಗೆ ನಮ್ಮ ಮನೆಯಿಂದ ಕರ್ಚಿಕಾಯಿ, ಚಕ್ಕುಲಿ, ಶೇಂಗಾ ಹೋಳಿಗೆ ಹೋಗುತ್ತವೆ. ಇದು ಹಿರಿಯರು ನಮಗೆ ಬಿಟ್ಟುಹೋದ ಒಳ್ಳೆಯ ರೂಢಿ. ಇದನ್ನು ಉಳಿಸಿಕೊಳ್ಳೋಣ. ಆದರೆ ಈ ರೂಢಿಯ ಒಳಗೊಂದು ಪ್ರಶ್ನೆ ಅಡಗಿದೆ. ಈ ವಾರ ಅದನ್ನು ನಿಮ್ಮೊಂದಿಗೆ ಧ್ಯಾನಿಸಬಯಸುತ್ತೇನೆ. ತಟ್ಟೆಯನ್ನು ಎಂದೂ ಹಿಂದಿರುಗಿಸಲಾರದವರ ಮನೆಗೆ ನಮ್ಮ ತಟ್ಟೆ ಹೋಗುತ್ತದೆಯೇ?

ಮುಯ್ಯಿಯ ಒಳಿತು, ಮುಯ್ಯಿಯ ಮಿತಿ

ನಮ್ಮ ಭಾಷೆಯಲ್ಲಿ 'ಮುಯ್ಯಿ' ಎಂಬ ಮಾತಿದೆ. ಮದುವೆಯಲ್ಲಿ ಒಬ್ಬರು ಮಾಡಿದ ಮುಯ್ಯಿಯನ್ನು ಬರೆದಿಟ್ಟುಕೊಂಡು, ಅವರ ಮನೆಯ ಮದುವೆಗೆ ಅಷ್ಟೇ ಅಥವಾ ಒಂದಿಷ್ಟು ಹೆಚ್ಚು ಸೇರಿಸಿ ತಿರುಗಿ ಮಾಡುತ್ತೇವೆ. ಹೊಲದ ಕೆಲಸಕ್ಕೂ ಮುಯ್ಯಾಳು ಇದ್ದಾರೆ. ಇಂದು ನೀವು ನನ್ನ ಹೊಲಕ್ಕೆ, ನಾಳೆ ನಾನು ನಿಮ್ಮ ಹೊಲಕ್ಕೆ. ಮಳೆಯನ್ನೇ ನಂಬಿದ ನಾಡಿನಲ್ಲಿ ಬಡವನ ಕೈಹಿಡಿದದ್ದು ಈ ಮುಯ್ಯಿಯೇ. ಆದ್ದರಿಂದ ಮುಯ್ಯಿಯನ್ನು ನಾನು ಹಳಿಯುವುದಿಲ್ಲ.

ಆದರೆ ಮುಯ್ಯಿಗೊಂದು ಮಿತಿಯಿದೆ. ತಿರುಗಿ ಕೊಡಬಲ್ಲವರನ್ನು ಮಾತ್ರ ಅದು ಬಲ್ಲದು. ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋದ ಮಕ್ಕಳ ದಾರಿ ಕಾಯುತ್ತಾ ಮನೆಯಲ್ಲಿ ಉಳಿದಿರುವ ಮುದುಕಿ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ಹಾಸಿಗೆ ಹಿಡಿದ ರೋಗಿ, ಇವರ ಹೆಸರುಗಳು ಮುಯ್ಯಿಯ ಪುಸ್ತಕದಿಂದ ಮೆಲ್ಲಗೆ ಜಾರಿಹೋಗುತ್ತವೆ. ಯಾರೂ ಬೇಕೆಂದು ಬಿಟ್ಟದ್ದಲ್ಲ, ಲೆಕ್ಕವೇ ಅವರನ್ನು ಬಿಟ್ಟಿತು.

ನನ್ನದೇ ಒಂದು ತಪ್ಪು

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ಹಿಂದೆ ನಾನು ಸೇವೆ ಮಾಡುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ ಹಬ್ಬದ ಕಾಣಿಕೆ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಪೂಜೆಯ ಕೊನೆಯಲ್ಲಿ ಓದುತ್ತಿದ್ದೆ. ಲೆಕ್ಕ ಶುದ್ಧವಾಗಿರುತ್ತದೆ, ಕೊಟ್ಟವರಿಗೂ ಸಂತೋಷವಾಗುತ್ತದೆ ಎಂಬುದು ನನ್ನ ಎಣಿಕೆ. ಒಂದು ವರ್ಷ ಕ್ರಿಸ್ತಜಯಂತಿಯ ಪೂಜೆಗೆ ಒಬ್ಬ ವಯಸ್ಸಾದ ತಾಯಿ ಬರಲಿಲ್ಲ. ಎಂದೂ ತಪ್ಪಿಸುವವರಲ್ಲ. ಕಾಯಿಲೆಯೇನೋ ಎಂದು ಮನೆಗೆ ಹೋದೆ. ಚೆನ್ನಾಗಿಯೇ ಇದ್ದರು. ನಾನು ಒತ್ತಾಯಿಸಿ ಕೇಳಿದಾಗ, "ಫಾದರ್, ನೀವು ಎಲ್ಲಾರ ಹೆಸರೂ ಓದ್ತೀರಿ. ನನ್ನ ಹೆಸರು ಬರಂಗಿಲ್ಲ. ಅಷ್ಟೂ ಮಂದಿ ನಡುವ ನಾ ಹ್ಯಾಂಗ ಕುಂಡ್ರಲಿ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಸಂತ ಪೌಲರು ಕೊರಿಂಥದ ಸಭೆಯನ್ನು ಗದರಿಸಿದ್ದು ನೆನಪಾಯಿತು (1 ಕೊರಿಂಥ 11: 20-22). ಅಲ್ಲಿ ಪ್ರಭುವಿನ ಭೋಜನಕ್ಕೆ ಕೂಡಿದಾಗ ಉಳ್ಳವರು ತಮ್ಮ ಊಟವನ್ನು ತಾವು ಮೊದಲೇ ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಇಲ್ಲದವರನ್ನು ನಾಚಿಸುವುದು ದೇವರ ಸಭೆಯನ್ನೇ ಕಡೆಗಣಿಸಿದಂತೆ ಎಂಬುದು ಪೌಲರ ಬೋಧನೆ. ನಾನು ಆ ತಾಯಿಯನ್ನು ನಾಚಿಸಿದ್ದೆ, ಅದೂ ಬಲಿಪೀಠದ ಬಳಿ ನಿಂತು.

ಪ್ರಭು ಯೇಸುವಿನ ಬೋಧನೆ

ಶುಭಸಂದೇಶವನ್ನು ತೆರೆದು ನೋಡಿ (ಲೂಕ 14: 12-14). ಸಬ್ಬತ್ ದಿನ ಫರಿಸಾಯ ಮುಖಂಡನೊಬ್ಬನ ಮನೆಯಲ್ಲಿ ಊಟ. ತನ್ನನ್ನು ಕರೆದ ಆತಿಥೇಯನಿಗೇ ಯೇಸು ಬುದ್ಧಿ ಹೇಳುತ್ತಾರೆ: ಔತಣಕ್ಕೆ ಗೆಳೆಯರನ್ನು, ಬಂಧುಗಳನ್ನು, ಸಿರಿವಂತ ನೆರೆಯವರನ್ನು ಕರೆದರೆ ಅವರೂ ನಿನ್ನನ್ನು ಕರೆಯುತ್ತಾರೆ, ಮುಯ್ಯಿ ತೀರಿತು. ಅದರ ಬದಲು ಬಡವರನ್ನು, ಅಂಗಹೀನರನ್ನು, ಕುಂಟರನ್ನು, ಕುರುಡರನ್ನು ಕರೆ. ಅವರು ತೀರಿಸಲಾರರು, ಆದ್ದರಿಂದಲೇ ನೀನು ಧನ್ಯ. ತೀರಿಸುವವರು ದೇವರು.

ಇದು ಕೇವಲ ನೀತಿಪಾಠವಲ್ಲ. ಕ್ರಿಸ್ತಜಯಂತಿಯ ಅರ್ಥವೇ ಇದರಲ್ಲಿದೆ. ಸಿರಿವಂತರಾಗಿದ್ದ ಕ್ರಿಸ್ತರು ನಮಗಾಗಿ ಬಡವರಾದರು ಎನ್ನುತ್ತಾರೆ ಸಂತ ಪೌಲರು (2 ಕೊರಿಂಥ 8: 9). ಗೋದಲಿಯಲ್ಲಿ ಮಲಗಿದ ಆ ಕಂದನಿಗೆ ನಾವು ಯಾವ ಮುಯ್ಯಿ ತೀರಿಸಬಲ್ಲೆವು? 13ನೇ ಶತಮಾನದ ಮಹಾ ದೈವಶಾಸ್ತ್ರಜ್ಞ ಸಂತ ತೋಮಸ್ ಅಕ್ವಿನಾಸರು ಪವಿತ್ರಾತ್ಮರನ್ನು 'ವರ' ಎಂದು ಏಕೆ ಕರೆಯುತ್ತೇವೆಂದು ವಿವರಿಸುವಾಗ, ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ವಿಚಾರವೊಂದನ್ನು ಬಳಸಿಕೊಳ್ಳುತ್ತಾರೆ. ಹಿಂದಿರುಗಿ ಬರಲೆಂಬ ಆಸೆಯಿಲ್ಲದೆ ಕೊಟ್ಟದ್ದೇ ನಿಜವಾದ ಕೊಡುಗೆ, ಅಂಥ ಕೊಡುಗೆಗೆ ಮೂಲ ಪ್ರೀತಿ ಎಂದು ಅದರ ತಾತ್ಪರ್ಯ. ನಾವು ಮೊದಲು ಕೊಡುವುದು ಪ್ರೀತಿಯನ್ನು. ವಸ್ತು ಅದರ ಹಿಂದೆ ಬರುತ್ತದೆ.

ಧರ್ಮಸಭೆಯ ಹಳೆಯ ರೂಢಿ

ಭಾನುವಾರದ ಕಾಣಿಕೆ ತಟ್ಟೆ ಇತ್ತೀಚಿನದೆಂದು ಭಾವಿಸಬೇಡಿ. ಎರಡನೇ ಶತಮಾನದ ನಡುವಿನಲ್ಲಿ ರಕ್ತಸಾಕ್ಷಿ ಸಂತ ಜಸ್ಟಿನರು ರೋಮ್ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಭಾನುವಾರದ ಪೂಜೆಯ ವಿವರವಿದೆ. ಉಳ್ಳವರು ತಮ್ಮ ಇಷ್ಟದಂತೆ ಕೊಟ್ಟದ್ದನ್ನು ಸಭೆಯ ಮುಖ್ಯಸ್ಥರ ಬಳಿ ಇಡುತ್ತಿದ್ದರು. ಅದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದಿಂದ ಬಂದವರಿಗೆ ಸಲ್ಲುತ್ತಿತ್ತು.

ನಾವು ಪ್ರೀತಿಯಿಂದ ಕಟ್ಟುವ ಗೋದಲಿಗೂ ಇಂಥದೇ ಹಿನ್ನೆಲೆಯಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳೊಡನೆ ಬೆತ್ಲೆಹೇಮಿನ ದೃಶ್ಯವನ್ನು ಏರ್ಪಡಿಸಿದರು. ಹಬ್ಬದ ದಿನ ಉಳ್ಳವರು ಬಡವರಿಗೆ ಹೊಟ್ಟೆತುಂಬ ಉಣಿಸಬೇಕು, ಎತ್ತು ಕತ್ತೆಗಳಿಗೂ ಎಂದಿಗಿಂತ ಹೆಚ್ಚು ಮೇವು ಹಾಕಬೇಕು ಎಂಬುದು ಅವರ ಬಯಕೆಯಾಗಿತ್ತೆಂದು ಅವರ ಜೀವನ ಚರಿತ್ರೆ ಬರೆದ ಚೆಲಾನೊದ ತೋಮಸರು ದಾಖಲಿಸಿದ್ದಾರೆ. ರೈತರಾದ ನಮಗೆ ಇದು ಎಷ್ಟು ಹತ್ತಿರದ ಮಾತು! ಪೋಪ್ ಫ್ರಾನ್ಸಿಸರು 2016ರಲ್ಲಿ ಬಡವರಿಗಾಗಿ ವಿಶ್ವ ದಿನವನ್ನು ಸಾರಿದರು. 2017ರಿಂದ ಅದು ಆಗಮನ ಕಾಲಕ್ಕೆ ತುಸು ಮುಂಚೆ, ನವೆಂಬರಿನಲ್ಲಿ ಬರುತ್ತಿದೆ. ಹಬ್ಬದ ಸಿದ್ಧತೆ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಅದು ತೋರಿಸಿಕೊಡುತ್ತದೆ.

ನೆರೆಯವರಿಂದಲೂ ಕಲಿಯೋಣ. ಪ್ರತಿವರ್ಷ ಜನವರಿಯ ಹೊತ್ತಿಗೆ ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಜೋಳದ ರೊಟ್ಟಿಗಳು ಗಾಡಿ ತುಂಬ ಬರುತ್ತವೆ. ಆ ದಾಸೋಹದಲ್ಲಿ ಯಾರು ಬಡಿದ ರೊಟ್ಟಿ ಯಾರ ತಟ್ಟೆಗೆ ಬಿತ್ತೆಂದು ಕೇಳುವವರಿಲ್ಲ. ಕೊಟ್ಟವರ ಹೆಸರು ರೊಟ್ಟಿಯ ಮೇಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಪ್ರಭು ಬೋಧಿಸಿದ್ದನ್ನು (ಮತ್ತಾಯ 6: 3) ಅರಿಯಲು ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಈ ಹಬ್ಬಕ್ಕೆ ನಾವೇನು ಮಾಡಬಹುದು?

ಮೊದಲು ನ್ಯಾಯ, ಆಮೇಲೆ ದಾನ. ಗಂಗಾವತಿ ಕಡೆ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೇ ಹಬ್ಬ ಬರುತ್ತದೆ. ಕೂಲಿಯವರ ಬಾಕಿಯನ್ನು ಹಬ್ಬಕ್ಕೆ ಮುಂಚೆ ತೀರಿಸಿ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಕೋಬರು ಎಚ್ಚರಿಸುತ್ತಾರೆ (ಯಕೋಬ 5: 4). ಕೂಲಿ ಉಳಿಸಿಕೊಂಡು ಕೊಟ್ಟ ಕಾಣಿಕೆ ಪೀಠಕ್ಕೆ ಭಾರ.

ಸಾಲ ಮಾಡಿ ಹಬ್ಬ ಮಾಡಬೇಡಿ. ಕಿರುಸಾಲದ ವಸೂಲಿಯ ಕಿರುಕುಳ ಎಷ್ಟೋ ಮನೆಗಳನ್ನು ಕಾಡಿದ್ದರಿಂದ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಹೊಸ ಬಟ್ಟೆಯಿಲ್ಲದ ಮಗುವನ್ನು ಬಾಲಯೇಸು ಹಿಂದಕ್ಕೆ ಕಳುಹಿಸುವುದಿಲ್ಲ. ಅವರನ್ನೇ ತಾಯಿ ಮರಿಯಮ್ಮನವರು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದು ದನದ ಮೇವಿನ ತೊಟ್ಟಿಯಲ್ಲಿ.

ದಿನಕ್ಕೊಂದು ಹಿಡಿ ಎತ್ತಿಡಿ. ಅಡಿಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿಯನ್ನೋ ಜೋಳವನ್ನೋ ಬೇರೆ ಡಬ್ಬಿಗೆ ಹಾಕಿ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಹೋದರಿಯರು 1910ರಿಂದ ಹೀಗೆ ಹಿಡಿ ಅಕ್ಕಿಯನ್ನು ಎತ್ತಿಡುತ್ತಾ ಬಂದಿದ್ದಾರೆ. ಆ ಹಿಡಿಹಿಡಿಯಿಂದಲೇ ಅವರ ಸಭೆಯ ಸೇವೆಗೆ ಆಧಾರ ದೊರೆತಿದೆ. ಮಕ್ಕಳ ಕೈಯಿಂದಲೇ ಹಾಕಿಸಿ. ಕೈ ಕಲಿತದ್ದನ್ನು ಮನಸ್ಸು ಮರೆಯುವುದಿಲ್ಲ.

ಮೊದಲ ಎರಡು ತಟ್ಟೆ ತಿರುಗಿ ಬಾರದ ಮನೆಗಳಿಗೆ. ಈ ವರ್ಷ ಸಾವು ಕಂಡು ಒಲೆಯ ಮೇಲೆ ಎಣ್ಣೆ ಇಡದ ಮನೆ, ಗುಳೆ ಹೋದವರ ಮುದಿ ತಂದೆತಾಯಿ ಇರುವ ಮನೆ, ಇವುಗಳಿಗೆ ಮೊದಲು. ಹಳೆಯ ಮುಯ್ಯಿಯ ಮನೆಗಳಿಗೆ ಆಮೇಲೆ.

ಪಡೆಯುವವರಿಗೂ ಕೊಡುವ ಅವಕಾಶವಿರಲಿ. ಸದಾ ಪಡೆಯುತ್ತಲೇ ಇರುವುದು ಯಾರಿಗಾದರೂ ಭಾರವೇ. ಪ್ರಭು ಮೆಚ್ಚಿಕೊಂಡ ಬಡ ವಿಧವೆ ಎರಡು ಕಾಸು ಹಾಕಿದವಳು (ಮಾರ್ಕ 12: 41-44), ಕೈಯೊಡ್ಡಿದವಳಲ್ಲ. ಆದರೆ ಒಂದು ಮಾತು ಗಮನಿಸಿ. ಅದಕ್ಕೆ ಸ್ವಲ್ಪವೇ ಮುಂಚೆ ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳನ್ನು ಯೇಸು ಖಂಡಿಸುತ್ತಾರೆ. ಆ ಕಾಸನ್ನು ಹೊಗಳುವ ಗುರುಗಳಾದ ನಾವು ಆ ಖಂಡನೆಯನ್ನೂ ನಮಗೇ ಓದಿಕೊಳ್ಳಬೇಕು.

ಆ ತಾಯಿಯ ಮಾತು ಕೇಳಿದ ಮೇಲೆ ನಾವು ಹೆಸರು ಓದುವುದನ್ನು ನಿಲ್ಲಿಸಿದೆವು. ಒಟ್ಟು ಮೊತ್ತವನ್ನೂ ಖರ್ಚನ್ನೂ ಮಾತ್ರ ಹೇಳಿದೆವು. ಗೋದಲಿಯ ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬುಟ್ಟಿಯೊಂದನ್ನಿಟ್ಟೆವು. ಯಾರು ಏನು ಹಾಕಿದರೆಂದು ನೋಡುವವರಿಲ್ಲ. ಮರುವರ್ಷ ಹಬ್ಬದ ಹಿಂದಿನ ದಿನ ಆ ತಾಯಿ ತಾವಾಗಿಯೇ ಬಂದರು. "ಊಟಕ್ಕ ರೊಟ್ಟಿ ಯಾರು ಬಡೀತಾರ್ರಿ? ನನ್ನ ಕೈ ಐತಲ್ರಿ" ಎಂದು ಸೆರಗು ಬಿಗಿದು ಒಲೆಯ ಮುಂದೆ ಕುಳಿತರು. ಮರುದಿನ ಪೂಜೆಯಲ್ಲಿ ಮುಂದಿನ ಸಾಲಿನಲ್ಲೇ ಇದ್ದರು.

ಕುಟುಂಬದಲ್ಲಿ ಚರ್ಚಿಸಿರಿ

1. ಕಳೆದ ವರ್ಷ ನಮ್ಮ ಹಬ್ಬದ ತಟ್ಟೆ ಯಾವ ಮನೆಗಳಿಗೆ ಹೋಯಿತು? ಯಾವ ಮನೆ ಬಿಟ್ಟುಹೋಯಿತು?

2. ನಮ್ಮಿಂದ ಯಾರಿಗಾದರೂ ಕೂಲಿಯೋ ಸಾಲವೋ ಬಾಕಿ ಇದೆಯೇ?

3. ನಾವು ಕೊಟ್ಟಾಗ ಪಡೆದವರಿಗೆ ನಾಚಿಕೆಯಾಗಿದೆಯೇ? ಅದು ಆಗದಂತೆ ಕೊಡುವುದು ಹೇಗೆ?

4. ನಮ್ಮ ಧರ್ಮಕೇಂದ್ರದಲ್ಲಿ ಹಬ್ಬದ ಪೂಜೆಗೆ ಬಾರದೆ ಉಳಿದವರು ಯಾರು? ಅವರ ಮನೆಗೆ ಯಾರು ಹೋಗುತ್ತೀರಿ?

ಪ್ರಾರ್ಥನೆ: ಪ್ರಭುವೇ, ತೀರಿಸಲಾಗದ ಪ್ರೀತಿಯನ್ನು ನೀವು ನಮಗೆ ಕೊಟ್ಟಿರಿ. ಲೆಕ್ಕವಿಡದೆ ಕೊಡುವ ಕೈಯನ್ನೂ, ನಾಚದೆ ಪಡೆಯುವ ಮನಸ್ಸನ್ನೂ ನಮ್ಮ ಮನೆಯವರಿಗೆಲ್ಲ ದಯಪಾಲಿಸಿರಿ. ಆಮೆನ್.