ಸಂಕೋಚ ಬಿಡಿ, ಗಾಯ ಮಾಯಲಿ
ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಇರುವವರಿಗೆ ಗುದದ್ವಾರದಲ್ಲಿ ಬಿರುಕೂ ಬಿಟ್ಟರೆ ಶೌಚಕ್ಕೆ ಹೋಗುವುದೆಂದರೇ ಭಯ. ನಾಚಿಕೊಂಡು ನೋವು ನುಂಗಬೇಡಿ, ವೈದ್ಯರಿಗೆ ತೋರಿಸಿ. ಶೌಚದಲ್ಲಿ ರಕ್ತ ಕಂಡರೆ ಅದು ಬಿರುಕಿನದೋ ಕರುಳಿನದೋ ಎಂಬುದು ತಿಳಿಯಲೇಬೇಕು.

ಪದೇ ಪದೇ ಭೇದಿಯಾಗುತ್ತಿದ್ದರೆ ಗಾಯ ಮಾಯುವುದು ಕಷ್ಟ. ಹಾಗಾಗಿ ಕೊಲೈಟಿಸ್ ಮಾತ್ರೆ ತಪ್ಪಿಸಬೇಡಿ. ದಿನಕ್ಕೆ 2–3 ಬಾರಿ, 10–15 ನಿಮಿಷ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕುಳಿತುಕೊಳ್ಳಿ. ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಉಜ್ಜದೆ ತೊಳೆದು, ಮೆತ್ತಗೆ ಒತ್ತಿ ಒರೆಸಿ. ವೈದ್ಯರು ಬರೆದುಕೊಟ್ಟ ಡಿಲ್ಟಿಯಾಜೆಮ್‌ನಂಥ ಮುಲಾಮನ್ನು ನೋವು ಇಳಿಯಿತೆಂದು ನಡುವೆ ನಿಲ್ಲಿಸಬೇಡಿ. ಸಾಮಾನ್ಯವಾಗಿ 6–8 ವಾರ ಬೇಕು. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಕೊಲೈಟಿಸನ್ನು ಕೆರಳಿಸಬಹುದು, ವೈದ್ಯರನ್ನು ಕೇಳದೆ ನುಂಗಬೇಡಿ. ಇಸಬ್ಗೋಲನ್ನೂ ಕೇಳಿಯೇ ತೆಗೆದುಕೊಳ್ಳಿ.

ಜ್ವರ, ಕೀವು, ಹೆಚ್ಚು ರಕ್ತ ಕಂಡರೆ ತಡಮಾಡಬೇಡಿ. ಹೊಸ ಬಿರುಕುಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಯಿಲ್ಲದೆಯೇ ಮಾಯುತ್ತವೆ, ಧೈರ್ಯವಾಗಿರಿ.