ದೀಪವನ್ನು ಆರಿಸುವವರು ಯಾರು?

ವಿದ್ಯಾರ್ಥಿನಿಲಯವೊಂದರಲ್ಲಿ ಓದುವ ಕೊಠಡಿಯಿದೆಯೆಂದು ಭಾವಿಸೋಣ. ಸಂಜೆ ಮೊದಲು ಬಂದವನು ದೀಪ ಹೊತ್ತಿಸುತ್ತಾನೆ. ಅನಂತರ ಒಬ್ಬೊಬ್ಬರಾಗಿ ಬರುತ್ತಾರೆ. ಓದು ಮುಗಿದವರು ಹೊರಡುತ್ತಾರೆ. ದೀಪವನ್ನು ಆರಿಸಬೇಕಾದವರು ಯಾರು? ಹೊತ್ತಿಸಿದವನೇ ಆರಿಸಿ ಹೋದರೆ ಒಳಗಿರುವವರು ಕತ್ತಲೆಯ ಪಾಲಾಗುತ್ತಾರೆ. ಬೇರೆ ಯಾರಾದರೂ ಆರಿಸುವರೆಂದು ಎಲ್ಲರೂ ಎದ್ದುಹೋದರೆ ದೀಪವು ಬೆಳಗಾಗುವವರೆಗೂ ವ್ಯರ್ಥವಾಗಿ ಉರಿಯುತ್ತದೆ. ಕೊನೆಗೆ ಹೊರಡುವವನೇ ಆರಿಸಬೇಕೆಂಬುದು ಸರಿಯಾದ ಉತ್ತರ. ಆದರೆ ಕಪಾಟುಗಳ ಮರೆಯಲ್ಲಿ ಇನ್ನೂ ಯಾರೋ ಕುಳಿತಿರಬಹುದಾದಾಗ, ತಾನೇ ಕೊನೆಯವನೆಂದು ಅವನಿಗೆ ತಿಳಿಯುವುದು ಹೇಗೆ?

ಗಣಕಯಂತ್ರದ ಮೆಮೊರಿಯಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ದತ್ತಾಂಶವನ್ನೂ ಅದರ ಮೇಲೆ ನಡೆಸಬೇಕಾದ ಕ್ರಿಯೆಗಳನ್ನೂ ಒಂದುಗೂಡಿಸಿದ ಘಟಕಕ್ಕೆ ಆಬ್ಜೆಕ್ಟ್ ಎಂದು ಹೆಸರು. ಪ್ರೋಗ್ರಾಮು ನಡೆಯುತ್ತಿರುವಾಗ ಹುಟ್ಟುವ ಪ್ರತಿಯೊಂದು ಆಬ್ಜೆಕ್ಟೂ ಮೆಮೊರಿಯಲ್ಲಿ ಸ್ವಲ್ಪ ಸ್ಥಳವನ್ನು ಹಿಡಿಯುತ್ತದೆ. ಆ ಸ್ಥಳದ ವಿಳಾಸವನ್ನು ಇಟ್ಟುಕೊಂಡಿರುವುದೇ ಪಾಯಿಂಟರು. ಒಂದೇ ಆಬ್ಜೆಕ್ಟಿನ ವಿಳಾಸವು ಹಲವು ಪಾಯಿಂಟರುಗಳಲ್ಲಿರಬಹುದು. ಕೆಲಸ ಮುಗಿದ ಮೇಲೆ ಸ್ಥಳವನ್ನು ಹಿಂದಿರುಗಿಸಬೇಕು. ಮರೆತರೆ ಮೆಮೊರಿಯು ಸೋರಿಹೋಗುತ್ತದೆ. ತಿಂಗಳುಗಟ್ಟಲೆ ಎಡೆಬಿಡದೆ ನಡೆಯಬೇಕಾದ ಪ್ರೋಗ್ರಾಮು ಒಂದು ದಿನ ಸ್ಥಳ ಸಾಲದೆ ನಿಂತುಹೋಗಬಹುದು. ಅವಧಿಗೆ ಮುನ್ನವೇ ಹಿಂದಿರುಗಿಸಿದರೆ, ಉಳಿದ ಪಾಯಿಂಟರುಗಳು ಈಗ ಬೇರೆ ದತ್ತಾಂಶವು ತುಂಬಿಕೊಂಡಿರಬಹುದಾದ ಸ್ಥಳವನ್ನು ತೋರಿಸುತ್ತಿರುತ್ತವೆ.

ಈ ಎರಡನೆಯ ತಪ್ಪು ಹೆಚ್ಚು ಅಪಾಯಕರವಾದುದು. ಕ್ರೋಮ್ ಬ್ರೌಸರಿಗೆ ಆಧಾರವಾದ ಕ್ರೋಮಿಯಂ ಯೋಜನೆಯ ತಂತ್ರಜ್ಞರು 2020ರಲ್ಲಿ ತಿಳಿಸಿದಂತೆ, ಅವರ ಗಂಭೀರ ಭದ್ರತಾ ದೋಷಗಳಲ್ಲಿ ಶೇಕಡ 70ರಷ್ಟು ಮೆಮೊರಿಯ ಬಳಕೆಯ ತಪ್ಪುಗಳು. ಅವುಗಳಲ್ಲಿ ಸುಮಾರು ಅರ್ಧದಷ್ಟು, ಹಿಂದಿರುಗಿಸಿದ ಸ್ಥಳವನ್ನು ಮತ್ತೆ ಬಳಸಿದ ತಪ್ಪುಗಳು.

ಇದಕ್ಕೆ ಪರಿಹಾರವೇನು? ಓದುವ ಕೊಠಡಿಯ ಬಾಗಿಲಲ್ಲಿ ಒಂದು ಹಲಗೆಯನ್ನು ತೂಗುಹಾಕೋಣ. ಒಳಗೆ ಬರುವವನು ಅದರ ಮೇಲಿನ ಸಂಖ್ಯೆಗೆ ಒಂದನ್ನು ಕೂಡಿಸಲಿ. ಹೊರಡುವವನು ಒಂದನ್ನು ಕಳೆಯಲಿ. ಯಾವನು ಕಳೆದಾಗ ಸೊನ್ನೆ ಬರುವುದೋ ಅವನೇ ದೀಪವನ್ನು ಆರಿಸಲಿ. ಜಾರ್ಜ್ ಕಾಲಿನ್ಸ್ ಎಂಬ ವಿಜ್ಞಾನಿ 1960ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ. ಅದೇ ವರ್ಷ ಜಾನ್ ಮೆಕಾರ್ಥಿಯವರು ತಮ್ಮ ಲಿಸ್ಪ್ ಭಾಷೆಗಾಗಿ ಇನ್ನೊಂದು ಮಾರ್ಗವನ್ನು ವಿವರಿಸಿದರು. ಅದರಲ್ಲಿ ಹಲಗೆಯಿಲ್ಲ, ಸ್ಥಳದ ಅಭಾವ ಬಂದಾಗ ಕಾವಲುಗಾರನೊಬ್ಬ ಎಲ್ಲ ಕೊಠಡಿಗಳನ್ನೂ ಸುತ್ತಿ, ಯಾರಿಗೂ ಬೇಡವಾದ ದೀಪಗಳನ್ನು ಆರಿಸಿ ಬರುತ್ತಾನೆ.

ಎಣಿಕೆಯನ್ನು ಪ್ರೋಗ್ರಾಮು ಬರೆಯುವವರೇ ನಡೆಸಬೇಕಾದರೆ ಒಂದಲ್ಲ ಒಂದು ಕಡೆ ಮರೆವು ತಪ್ಪದು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಇದಕ್ಕೊಂದು ಉಪಾಯವಿದೆ. ಆ ಭಾಷೆಯಲ್ಲಿ ಆಬ್ಜೆಕ್ಟು ಹುಟ್ಟುವಾಗ ಕನ್ಸ್ಟ್ರಕ್ಟರ್ ಎಂಬ ಕ್ರಿಯೆಯೂ ಅಳಿಯುವಾಗ ಡಿಸ್ಟ್ರಕ್ಟರ್ ಎಂಬ ಕ್ರಿಯೆಯೂ ತಾವಾಗಿಯೇ ನಡೆಯುತ್ತವೆ. ಆದಕಾರಣ ಪಾಯಿಂಟರನ್ನೇ ಒಂದು ಪುಟ್ಟ ಆಬ್ಜೆಕ್ಟಿನೊಳಗಿಟ್ಟು, ಕೂಡಿಸುವ ಕೆಲಸವನ್ನು ಮೊದಲನೆಯದಕ್ಕೂ ಕಳೆಯುವ ಕೆಲಸವನ್ನು ಎರಡನೆಯದಕ್ಕೂ ಒಪ್ಪಿಸಬಹುದು. ಹೀಗೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವ ಪಾಯಿಂಟರಿಗೆ ಸ್ಮಾರ್ಟ್ ಪಾಯಿಂಟರ್, ಅಂದರೆ ಜಾಣ ಪಾಯಿಂಟರು, ಎಂದು ಹೆಸರು. 2011ರ ಪ್ರಮಾಣಿತ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ‘ಷೇರ್ಡ್ ಪಾಯಿಂಟರ್’ ಎಂಬ ಹೆಸರಿನಿಂದ ಇದು ಸೇರಿತು.

ಒಂದು ಉದಾಹರಣೆಯನ್ನು ನೋಡೋಣ. ‘ಅ’ ಎಂಬ ಜಾಣ ಪಾಯಿಂಟರು ಒಂದು ಆಬ್ಜೆಕ್ಟನ್ನು ಹಿಡಿದಿದೆ, ಎಣಿಕೆ 1. ಅದರ ಪ್ರತಿಯನ್ನು ‘ಆ’ಗೆ ಕೊಟ್ಟೆವು, ಎಣಿಕೆ 2. ಒಂದು ಫಂಕ್ಷನ್ನಿಗೆ ಮತ್ತೊಂದು ಪ್ರತಿಯನ್ನು ಕಳುಹಿಸಿದೆವು, ಎಣಿಕೆ 3. ಫಂಕ್ಷನ್ ಮುಗಿದೊಡನೆ ಅದರ ಪ್ರತಿ ಅಳಿದು 2 ಉಳಿಯಿತು. ‘ಅ’ವನ್ನು ಬೇರೊಂದು ಆಬ್ಜೆಕ್ಟಿನ ಕಡೆಗೆ ತಿರುಗಿಸಿದಾಗ 1 ಆಯಿತು. ‘ಆ’ ಅಳಿದಾಗ ಸೊನ್ನೆ. ಒಡನೆಯೇ ಆಬ್ಜೆಕ್ಟು ಅಳಿದು ಸ್ಥಳವು ತೆರವಾಯಿತು.

ಆದರೆ ಒಂದು ಕೊಠಡಿಗೆ ಒಂದೇ ಹಲಗೆಯಿರಬೇಕು. ಒಂದೇ ಬರಿಯ ವಿಳಾಸದಿಂದ ಎರಡು ಷೇರ್ಡ್ ಪಾಯಿಂಟರುಗಳನ್ನು ಬೇರೆಬೇರೆಯಾಗಿ ನಿರ್ಮಿಸಿದರೆ ಎರಡು ಹಲಗೆಗಳಾಗಿ, ಎರಡೂ ಬೇರೆಬೇರೆ ಸಮಯದಲ್ಲಿ ಸೊನ್ನೆಯಾಗಿ, ಒಂದೇ ಆಬ್ಜೆಕ್ಟನ್ನು ಎರಡು ಸಲ ಅಳಿಸುವ ಅನರ್ಥ ಒದಗುತ್ತದೆ. ಇದಲ್ಲದೆ, ಹಲಗೆಯ ಮುಂದೆ ಇಬ್ಬರು ಒಮ್ಮೆಗೇ ನಿಂತು, ಇಬ್ಬರೂ 5 ಎಂದು ಓದಿ, ಇಬ್ಬರೂ 4 ಎಂದು ಬರೆದರೆ, ಇರಬೇಕಾದ 3 ಎಲ್ಲಿಯೂ ಕಾಣದು, ದೀಪವು ಆರದು. ಆದುದರಿಂದ ಪ್ರೋಗ್ರಾಮಿನ ಹಲವು ಎಳೆಗಳು ಒಟ್ಟಿಗೆ ನಡೆಯುವಾಗ, ಓದಿ ಬರೆಯುವುದನ್ನು ನಡುವೆ ಯಾರೂ ಪ್ರವೇಶಿಸಲಾಗದ ಒಂದೇ ಅಖಂಡ ಕ್ರಿಯೆಯಾಗಿ ಯಂತ್ರವು ನಡೆಸಬೇಕಾಗುತ್ತದೆ. ಇದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ.

ಇದಕ್ಕಿಂತಲೂ ಆಳವಾದ ಕೊರತೆಯೊಂದನ್ನು 1963ರಲ್ಲಿಯೇ ಮೆಕ್‌ಬೆತ್ ಎಂಬವರು ತೋರಿಸಿಕೊಟ್ಟರು. ಇಬ್ಬರು ವಿದ್ಯಾರ್ಥಿಗಳು ಓದು ಮುಗಿಸಿಯೂ, ‘ನೀನು ಏಳು, ಆಮೇಲೆ ನಾನು ಏಳುತ್ತೇನೆ’ ಎಂದು ಪರಸ್ಪರ ಕಾಯುತ್ತ ಕುಳಿತರೆ ಸಂಖ್ಯೆಯು ಎಂದಿಗೂ ಸೊನ್ನೆಯಾಗದು. ಅಂತೆಯೇ ತಾಯಿ ಆಬ್ಜೆಕ್ಟು ಮಗುವನ್ನೂ ಮಗು ತಾಯಿಯನ್ನೂ ಎಣಿಸುವ ಪಾಯಿಂಟರಿನಿಂದ ಹಿಡಿದಿದ್ದರೆ, ಹೊರಗಿನವರೆಲ್ಲ ಅವನ್ನು ಬಿಟ್ಟರೂ ಎರಡರ ಎಣಿಕೆಯೂ ಒಂದರಲ್ಲಿಯೇ ನಿಲ್ಲುತ್ತದೆ.

ಇಲ್ಲಿ ‘ವೀಕ್ ಪಾಯಿಂಟರ್’ ನೆರವಿಗೆ ಬರುತ್ತದೆ. ಇದು ಕಿಟಕಿಯ ಹೊರಗೆ ನಿಂತು ಇಣುಕುವವನಂತೆ. ಇವನ ಲೆಕ್ಕ ಹಲಗೆಯಲ್ಲಿಲ್ಲ. ದೀಪ ಉರಿಯುತ್ತಿದ್ದರೆ ಒಂದನ್ನು ಕೂಡಿಸಿ ಒಳಗೆ ಬರಬಹುದು, ಆರಿದ್ದರೆ ಹಿಂದಿರುಗಬೇಕು. ಮಗುವಿನಿಂದ ತಾಯಿಯ ಕಡೆಗಿರುವ ಪಾಯಿಂಟರನ್ನು ಹೀಗೆ ಮಾಡಿದರೆ ಬಂಧವು ಬಿಡಿಸಿಕೊಳ್ಳುತ್ತದೆ. ಸಿಪೈಥಾನಾದರೋ ಎಣಿಕೆಯನ್ನೂ ಇಟ್ಟುಕೊಂಡು, ಇಂಥ ಚಕ್ರಗಳನ್ನು ಹುಡುಕಲು ಕಾವಲುಗಾರನನ್ನೂ ನೇಮಿಸಿಕೊಂಡಿದೆ.

ಎಣಿಕೆಯು ಮರೆವನ್ನು ನಿವಾರಿಸಬಲ್ಲದು. ಯಾರು ಯಾರನ್ನು ಹಿಡಿದಿರಬೇಕೆಂಬ ವಿವೇಚನೆ ಮಾತ್ರ ನಮ್ಮದೇ. ವಾಚಕರು ಒಂದು ಸರಪಳಿಯನ್ನು ಕಾಗದದ ಮೇಲೆ ಬರೆದು ನೋಡಲಿ: ಪ್ರತಿಯೊಂದು ಕೊಂಡಿಯೂ ತನ್ನ ಮುಂದಿನದನ್ನೂ ಹಿಂದಿನದನ್ನೂ ತೋರಿಸಬೇಕು. ಇವುಗಳಲ್ಲಿ ಯಾವ ಪಾಯಿಂಟರುಗಳನ್ನು ಎಣಿಸಬೇಕು, ಯಾವುವನ್ನು ಎಣಿಸಬಾರದು?